ಸುಗ್ಗಿಯ ರೊಕ್ಕ, ತಿಂಗಳ ಬಾಡಿಗೆ: ಮನೆಯವರ ದುಡ್ಡಲ್ಲಿ ಬೇರೆ ಊರಲ್ಲಿ ಇರಬೇಕಾದವರಿಗೆ

ರಾಯಚೂರು, ಕೊಪ್ಪಳ, ಬಳ್ಳಾರಿ ಕಡೆಯ ಹುಡುಗ ಹುಡುಗಿಯರು ಓದಲಿಕ್ಕೋ ಕೆಲಸ ಹುಡುಕಲಿಕ್ಕೋ ಬೆಂಗಳೂರು, ಧಾರವಾಡ, ಹೈದರಾಬಾದ್ ಸೇರಿದಾಗ ಎಡವುವುದು ಹೆಚ್ಚಾಗಿ ಒಂದೇ ಕಡೆ. ಬಾಡಿಗೆ ತಿಂಗಳಿಗೊಮ್ಮೆ ಕೊಡಬೇಕು, ಮನೆಗೆ ರೊಕ್ಕ ಬರುವುದು ಸುಗ್ಗಿಗೊಮ್ಮೆ. ಸಿಂಧನೂರು, ಗಂಗಾವತಿ, ಸಿರುಗುಪ್ಪದ ಕಾಲುವೆ ಭತ್ತದ ದುಡ್ಡು ಡಿಸೆಂಬರ್ ಹೊತ್ತಿಗೆ ಕೈಗೆ ಬರುತ್ತದೆ, ಕಾಲುವೆಗೆ ನೀರು ಬಿಟ್ಟರೆ ಮತ್ತೆ ಮೇ ತಿಂಗಳಲ್ಲಿ. 2023ರಂಥ ಬರ ಬಿದ್ದರೆ ಎರಡನೇ ಬೆಳೆಯೇ ಇರುವುದಿಲ್ಲ. ಹತ್ತಿಯ ದುಡ್ಡು ಬಿಡಿಸಿದ ಹಾಗೆ ಕಂತು ಕಂತಾಗಿ ಬರುತ್ತದೆ. ಶಕ್ತಿನಗರ, ತೋರಣಗಲ್ಲು ಕಡೆ ತಿಂಗಳ ಪಗಾರ ಬರುವ ಮನೆಗಳಿಗೆ ಈ ತೊಡಕು ಕಡಿಮೆ. ಒಕ್ಕಲುತನದ ಮನೆಯವರು ಮಾತ್ರ ಊರು ಆರಿಸುವ ಮೊದಲೇ ಯಾವ ತಿಂಗಳು ಮನೆಯಲ್ಲಿ ರೊಕ್ಕ ಇರುತ್ತದೆ, ಯಾವ ತಿಂಗಳು ಇರುವುದಿಲ್ಲ ಎಂದು ಅಪ್ಪನನ್ನು ಕೇಳಿ ಹನ್ನೆರಡು ತಿಂಗಳಿಗೂ ಬರೆದುಕೊಳ್ಳಬೇಕು.

ಕೇಳುವ ಹೊತ್ತೂ ಮುಖ್ಯ. ಬೀಜ ಗೊಬ್ಬರಕ್ಕೆ ಓಡಾಡುವ ಜೂನ್, ಜುಲೈ ಬೇಡ. ಮಾಲು ಮಾರಿ ಪಟ್ಟಿ ಕೈಗೆ ಬಂದು, ಹಳೆಯ ಬಾಕಿ ತೀರಿಸಿದ ವಾರ ಒಳ್ಳೆಯದು. ಅವ್ವನೂ ಕೂತಿರಲಿ. ಕೇಳಬೇಕಾದ್ದು ಮೂರು: ಸಾಲ ಮಾಡದೆ ತಿಂಗಳಿಗೆ ಎಷ್ಟು ಕಳಿಸಬಹುದು, ಒಮ್ಮೆಗೇ ಎಷ್ಟು ಕೊಡಬಹುದು, ಯಾವ ತಿಂಗಳ ತನಕ. ತಂಗಿಯ ಮದುವೆ, ತಮ್ಮನ ಫೀಸು ಇದ್ದರೆ ಅದೂ ಅದೇ ಹಾಳೆಯಲ್ಲಿ ಬರಲಿ. ಈ ಮಾತು ಮೊದಲೇ ಆಗದಿದ್ದರೆ ನಾಲ್ಕು ವರ್ಷದ ನಂತರ ಅಣ್ಣತಮ್ಮಂದಿರ ನಡುವೆ ಪಾಲಿನ ಜಗಳವಾಗಿ ಬರುತ್ತದೆ.

ಇನ್ನು ಖರ್ಚಿನ ಲೆಕ್ಕ. ಲೆಕ್ಕದ ರೀತಿ ತೋರಿಸಲು ಒಂದು ಮಾದರಿ ಇಲ್ಲಿದೆ, ಅಂಕಿಗಳನ್ನು ನೀವು ಹೋಗುವ ಊರಲ್ಲಿ ವಿಚಾರಿಸಿ ಬದಲಿಸಿಕೊಳ್ಳಿ. ನಾಲ್ವರು ಸೇರಿ ಹಿಡಿದ ಮನೆಯಲ್ಲಿ ನಿಮ್ಮ ಪಾಲಿನ ಬಾಡಿಗೆ 3,500, ಮೆಸ್ಸಿಗೆ 3,000, ಕರೆಂಟು ನೀರು ಗ್ಯಾಸಿಗೆ 500, ಬಸ್ಸಿಗೆ 800, ಫೋನಿಗೆ 300, ಪುಸ್ತಕ ಮತ್ತು ಪರೀಕ್ಷೆ ಅರ್ಜಿಗಳಿಗೆ 700, ಔಷಧಿ ಮತ್ತು ಉಳಿದದ್ದಕ್ಕೆ 700. ಒಟ್ಟು ತಿಂಗಳಿಗೆ 9,500 ರೂಪಾಯಿ. ಹೆಚ್ಚಿನವರು ಇಲ್ಲಿಗೇ ನಿಲ್ಲಿಸುತ್ತಾರೆ, ತಪ್ಪುವುದೂ ಇಲ್ಲೇ. ನಿಮ್ಮ ಪಾಲಿನ ಅಡ್ವಾನ್ಸ್ 20,000, ಗಾದಿ ಬಕೆಟ್ ಪಾತ್ರೆಗೆ 5,000, ಜೊತೆಗೆ ಮೂರು ತಿಂಗಳ ಖರ್ಚು 28,500 ಬ್ಯಾಂಕಿನಲ್ಲಿ ಇರಲೇಬೇಕು. ಮನೆ ಬಿಡುವ ದಿನ ಬೇಕಾದದ್ದು 53,500. ಮೂರು ತಿಂಗಳ ಗಂಟು ಯಾಕೆಂದರೆ, ಮಾಲು ಮಾರಿದರೂ ಖರೀದಿದಾರ ದುಡ್ಡು ತಡ ಮಾಡುವುದು ನಮ್ಮ ಕಡೆ ಸಾಮಾನ್ಯ. ಆ ತಿಂಗಳು ಮನೆ ಮಾಲೀಕ ಕಾಯುವುದಿಲ್ಲ.

ಇಷ್ಟು ಇಲ್ಲವೆಂದು ಅಪ್ಪ ಸಾಲಕ್ಕಾಗಿ ಅಡತಿ ಅಂಗಡಿಯ (ಮಾಲು ಮಾರಿಸಿಕೊಡುವ ದಲಾಲಿಯ) ಮೆಟ್ಟಿಲು ಹತ್ತುವ ಹಾಗಿದ್ದರೆ ದಯವಿಟ್ಟು ತಡೆಯಿರಿ. ನೂರಕ್ಕೆ ಎರಡು ರೂಪಾಯಿ ಬಡ್ಡಿ ಎಂದರೆ 53,500ಕ್ಕೆ ತಿಂಗಳಿಗೆ 1,070, ಒಂಬತ್ತು ತಿಂಗಳಿಗೆ 9,630. ನಿಮ್ಮ ಒಂದು ತಿಂಗಳ ಪೂರ್ತಿ ಖರ್ಚು ಬಡ್ಡಿಗೇ ಹೋಯಿತು. ಮೇಲೆ ಬೆಳೆಯನ್ನು ಅದೇ ಅಂಗಡಿಗೆ ಹಾಕಬೇಕು, ರೇಟು ಏರುವ ತನಕ ಕಾಯುವ ಸ್ವಾತಂತ್ರ್ಯ ಅಪ್ಪನಿಗೆ ಉಳಿಯುವುದಿಲ್ಲ. ಅಷ್ಟು ಕೊಟ್ಟು ದೊಡ್ಡ ಊರಿಗೆ ಹೋಗುವುದಕ್ಕಿಂತ ಅಡ್ವಾನ್ಸ್ ಕಡಿಮೆ ಇರುವ ಪಿಜಿ ಹಿಡಿಯಿರಿ, ಇಲ್ಲವೇ ಆರು ತಿಂಗಳು ರಾಯಚೂರಲ್ಲೋ ಬಳ್ಳಾರಿಯಲ್ಲೋ ಇದ್ದು ಮುಂದಿನ ಸುಗ್ಗಿ ನೋಡಿ ಹೊರಡಿ.

ಸರ್ಕಾರದ ದಾರಿಗಳನ್ನು ಮೊದಲು ನೋಡಿ. ಸಮಾಜ ಕಲ್ಯಾಣ, ಹಿಂದುಳಿದ ವರ್ಗಗಳು, ಅಲ್ಪಸಂಖ್ಯಾತರ ಇಲಾಖೆಗಳ ಮೆಟ್ರಿಕ್ ನಂತರದ ಹಾಸ್ಟೆಲ್‌ಗಳಿಗೆ ಆನ್‌ಲೈನ್ ಅರ್ಜಿ ಇರುತ್ತದೆ. ಹಿಂದುಳಿದ ವರ್ಗದವರಿಗೆ ಹಾಸ್ಟೆಲ್ ಸಿಗದಿದ್ದರೆ ವಿದ್ಯಾಸಿರಿ ಯೋಜನೆಯಲ್ಲಿ ಹತ್ತು ತಿಂಗಳು ಊಟ ವಸತಿಗೆ ಸಹಾಯ ಉಂಟು, ಆದರೆ ಮೊದಲ ತಿಂಗಳ ಬಾಡಿಗೆಗೆ ಅದನ್ನು ನಂಬಿ ಕೂರಬೇಡಿ. ಪದವಿ ಮುಗಿಸಿ 180 ದಿನವಾದರೂ ಕೆಲಸ ಸಿಗದವರಿಗೆ ಯುವನಿಧಿ ಯೋಜನೆಯಲ್ಲಿ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500, ಹೆಚ್ಚೆಂದರೆ ಎರಡು ವರ್ಷ. ಮುಂದೆ ಓದಲು ಸೇರಿದವರಿಗೆ ಅದಿಲ್ಲ. ಹೆಣ್ಣುಮಕ್ಕಳಿಗೆ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಬಸ್ಸು ಉಚಿತ, ಹಾಗಾಗಿ ಮಾನ್ವಿಯಿಂದ ರಾಯಚೂರಿಗೆ, ಸಿರುಗುಪ್ಪದಿಂದ ಬಳ್ಳಾರಿಗೆ ದಿನಾ ಹೋಗಿ ಬರುವುದೂ ಒಂದು ಆಯ್ಕೆಯೇ. ಊರು ಬಿಡುವ ಮೊದಲು ಜಾತಿ, ಆದಾಯ ಪ್ರಮಾಣಪತ್ರ ಮತ್ತು ಸಹಾಯಕ ಆಯುಕ್ತರ ಕಚೇರಿಯ 371(ಜೆ) ಪ್ರಮಾಣಪತ್ರ (ಕಲ್ಯಾಣ ಕರ್ನಾಟಕದವರಿಗೆ ಓದು, ಕೆಲಸದಲ್ಲಿ ಇರುವ ಮೀಸಲಾತಿಗೆ ಬೇಕಾದದ್ದು) ಮಾಡಿಸಿಕೊಳ್ಳಿ. ಅರ್ಜಿಯ ಕೊನೆಯ ದಿನ ಬೆಂಗಳೂರಿಂದ ಇದಕ್ಕಾಗಿ ಓಡಿಬಂದರೆ ಎರಡು ದಿನವೂ ಬಸ್ ಚಾರ್ಜೂ ಹೋಗುತ್ತದೆ.

ಊರಿನ ವಿಷಯದಲ್ಲಿ ಮನೆಯವರು ಬೇಡ ಎಂದಾಗ ಆ ಬೇಡದ ಹಿಂದೆ ಏನಿದೆ ಎಂದು ಬಿಡಿಸಿ ಕೇಳಿ. ರೊಕ್ಕದ ಚಿಂತೆಗೆ ಲೆಕ್ಕ ಉತ್ತರ. ಹುಡುಗಿ ಒಬ್ಬಳೇ ಹೇಗೆ ಇರುತ್ತಾಳೆ ಎಂಬ ಚಿಂತೆಗೆ ಲೆಕ್ಕ ತೋರಿಸಿ ಉಪಯೋಗವಿಲ್ಲ. ಅವ್ವನನ್ನೋ ಅಕ್ಕನನ್ನೋ ಕರೆದುಕೊಂಡು ಹೋಗಿ ಪಿಜಿ ತೋರಿಸಿ. ಗೇಟು ಹಾಕುವ ಹೊತ್ತು, ವಾರ್ಡನ್ ನಂಬರು, ಬಸ್ ಸ್ಟಾಪಿನಿಂದ ರೂಮಿನ ತನಕ ರಾತ್ರಿ ದೀಪ ಇದೆಯೇ ಎಂದು ಅವರೇ ನೋಡಲಿ. ದುಡ್ಡು ಕೊಡುವವರು ಖರ್ಚಿನ ಲೆಕ್ಕ, ಅಂಕಪಟ್ಟಿ ಕೇಳುವುದು ನ್ಯಾಯ. ಯಾರ ಜೊತೆ ಮಾತಾಡಿದೆ ಎಂದು ದಿನಾ ಫೋನು ತೆಗೆಸಿ ನೋಡುವುದು ಬೇರೆ ಮಾತು. ಆ ಗೆರೆಯನ್ನು ಹೊರಡುವ ಮೊದಲೇ, ಸಮಾಧಾನದಲ್ಲಿ, ಹೇಳಿಬಿಡುವುದು ಒಳ್ಳೆಯದು.

ಒಪ್ಪಿದ್ದನ್ನು ಬರೆದಿಡಿ. ಸ್ಟಾಂಪ್ ಪೇಪರ್ ಬೇಕಿಲ್ಲ, ಪಂಚಾಂಗದ ಹಿಂದೆ ಸಿಕ್ಕಿಸುವ ಒಂದು ಹಾಳೆ ಸಾಕು: “ಪ್ರತಿ 5ನೇ ತಾರೀಖಿಗೆ 9,500. ಅಡ್ವಾನ್ಸ್ 20,000 ಅಪ್ಪನದು. ಮುಂದಿನ ಮೇ ತನಕ. ಬನ್ನಿ ಹಬ್ಬಕ್ಕೆ ಊರಿಗೆ ಬಂದಾಗ ಮತ್ತೆ ಮಾತು.” ಸುಗ್ಗಿಯಲ್ಲಿ ಬಂದ ದುಡ್ಡಲ್ಲಿ ಆರು ತಿಂಗಳಿನದನ್ನು ಬೇರೆ ಖಾತೆಗೆ ಹಾಕಿಸಿ, ಅಲ್ಲಿಂದ ತಿಂಗಳು ತಿಂಗಳು ತೆಗೆಯಿರಿ. ಒಟ್ಟಿಗೇ ನಿಮ್ಮ ಖಾತೆಗೆ ಬಂದರೆ ಮೂರನೇ ತಿಂಗಳಿಗೇ ಮುಗಿಯುತ್ತದೆ.

ಕೆಡುವುದು ಎಲ್ಲಿ? ಬಾಡಿಗೆ 3,500 ಇದ್ದದ್ದನ್ನು 5,000 ಎಂದು ಹೇಳುವಲ್ಲಿ. ಒಮ್ಮೆ ಗೊತ್ತಾದರೆ ನಿಜವಾಗಿ ಬೇಕಾದಾಗಲೂ ನಂಬುವುದಿಲ್ಲ. ಆ್ಯಪ್ ಸಾಲದಲ್ಲಿ. ಮತ್ತೆ ಗೆಳೆಯರ ಪಾಲಿನಲ್ಲಿ: 14,000 ಬಾಡಿಗೆಯ ಮನೆಯಿಂದ ಒಬ್ಬ ಹೊರಟರೆ ನಿಮ್ಮ 3,500 ಸುಮಾರು 4,670 ಆಗುತ್ತದೆ. ಒಬ್ಬ ಕಡಿಮೆ ಇದ್ದರೂ ಕಟ್ಟಲಾದೀತೇ ಎಂದು ನೋಡಿಯೇ ಮನೆ ಹಿಡಿಯಿರಿ. ಕರಾರು ಸಾಮಾನ್ಯವಾಗಿ 11 ತಿಂಗಳಿಗಿರುತ್ತದೆ. ಅದರಲ್ಲಿ ಎಲ್ಲರ ಹೆಸರೂ ಇರಲಿ, ಬಿಡುವಾಗ ಪೇಂಟಿಂಗಿಗೆ ಎಷ್ಟು ಹಿಡಿಯುತ್ತಾರೆ ಎಂಬುದೂ ಬರೆದಿರಲಿ. ಸೇರಿದ ದಿನವೇ ಗೋಡೆ, ನಲ್ಲಿ, ಕಿಟಕಿಯ ಫೋಟೋ ತೆಗೆದಿಡಿ. ರೂಮು ಬಿಡುವುದನ್ನು ಒಂದು ತಿಂಗಳು ಮೊದಲೇ ವಾಟ್ಸಾಪಿನಲ್ಲಿ ತಿಳಿಸಿ, ಉಳಿದ ಅಡ್ವಾನ್ಸನ್ನು ನಿಮ್ಮ ಫೋನ್‌ಪೇಗಲ್ಲ, ನೇರ ಅಪ್ಪನ ಖಾತೆಗೆ ಹಾಕಿಸಿ.