ಟೊಮ್ಯಾಟೊ ಗಿಡ ಬಾಡ್ತು ಅಂತ ಓಡೋಗಿ ಮೋಟ್ರು ಆನ್ ಮಾಡ್ಬೇಡಿ
ನಮ್ಮ ಕೋಲಾರದ ಕಡೆ ಏಪ್ರಿಲ್ ಬಂತು ಅಂದ್ರೆ ಮಧ್ಯಾಹ್ನ ಎರಡು ಗಂಟೆಗೆ ಯಾವ ತೋಟ ನೋಡಿದ್ರೂ ಎಲೆ ಜೋತುಬಿದ್ದಿರುತ್ತೆ, ಅಯ್ಯೋ ನೀರಿಲ್ಲ ಅಂತ ಡ್ರಿಪ್ ಬಿಟ್ಟೇಬಿಡ್ತೀವಿ, ಸಾವಿರ ಅಡಿ ಬೋರಿಂದ ಎತ್ತಿದ ನೀರು ದಂಡ. ನಾನೂ ಎರಡು ವರ್ಷ ಇದೇ ಮಾಡಿದೀನಿ.

ಗಿಡನ ಬೆಳಿಗ್ಗೆ ಆರಕ್ಕೆ ನೋಡಿ. ಮಧ್ಯಾಹ್ನ ಬೇರು ಎಳ್ಕೊಳ್ಳೋ ನೀರಿಗಿಂತ ಎಲೆಯಿಂದ ಆವಿಯಾಗಿ ಹೋಗೋದೇ ಜಾಸ್ತಿ, ಅದಕ್ಕೆ ಬಾಡುತ್ತೆ, ಬಿಸಿಲು ಇಳಿದ್ರೆ ತಾನೇ ಎದ್ದು ನಿಲ್ಲುತ್ತೆ. ಬೆಳಿಗ್ಗೆನೂ ಎದ್ದಿಲ್ಲ ಅಂದ್ರೆ ಮಲ್ಚಿಂಗ್ ಶೀಟ್ (ಮಣ್ಣಿಗೆ ಹೊದ್ಸಿರೋ ಪ್ಲಾಸ್ಟಿಕ್ಕು) ಸ್ವಲ್ಪ ಎತ್ತಿ ಬೇರಿನ ಹತ್ರ ಅರ್ಧ ಗೇಣು ಕೆದಕಿ ಮಣ್ಣು ಉಂಡೆ ಕಟ್ಟಿ ನೋಡಿ. ಪುಡಿಪುಡಿ ಆಯ್ತಾ, ನೀರು ಬಿಡಿ.

ಅಷ್ಟೊತ್ತಿಗೆ ಗಿಡ ತನ್ನ ಕೆಲ್ಸ ಶುರು ಮಾಡಿರುತ್ತೆ. ಮಣ್ಣು ಒಣಗ್ತಿದ್ದಂಗೆ ಅಬ್ಸಿಸಿಕ್ ಆಸಿಡ್ ಅನ್ನೋ ಹಾರ್ಮೋನ್ ಮಾಡ್ಕೊಂಡು ಎಲೇಲಿರೋ ಸಣ್ಣ ಬಾಯಿಗಳನ್ನ ಮುಚ್ಕೊಳ್ಳುತ್ತೆ, ನೀರೇನೋ ಉಳಿಯುತ್ತೆ ಆದ್ರೆ ಎಲೆ ಬಿಸಿಯಾಗುತ್ತೆ. ಬಿಸಿಲಲ್ಲಿ ಎಲೆಗೆ ಅಂಗೈ ಹಿಂಭಾಗ ತಾಗಿಸಿ, ತಣ್ಣಗಿದ್ರೆ ಗಿಡ ಆರಾಮಾಗಿದೆ. ನೀರಿನ ಜೊತೆನೇ ಕ್ಯಾಲ್ಸಿಯಂ ಮೇಲಕ್ಕೆ ಹೋಗೋದು, ಒಂದಿನ ಒಣಗ್ಸಿ ಒಂದಿನ ಮುಳುಗ್ಸಿದ್ರೆ ಕಾಯಿ ತಳ ಕಪ್ಪಾಗೋದು ಅದಕ್ಕೇ. (ಬಾಯಾರಿದ ಟೊಮ್ಯಾಟೊ ಗಿಡ ಟಿಕ್ ಟಿಕ್ ಅಂತ ಸದ್ದು ಬೇರೆ ಮಾಡುತ್ತಂತೆ, ಇಸ್ರೇಲ್‌ನ ಟೆಲ್ ಅವೀವ್ ಯೂನಿವರ್ಸಿಟಿಯವ್ರು ಮೈಕ್ ಇಟ್ಟು ರೆಕಾರ್ಡ್ ಮಾಡಿ 2023ರಲ್ಲಿ ಪ್ರಕಟಿಸಿದ್ರು, ಗಂಟೆಗೆ 30ರಿಂದ 50 ಸಲ, ನಮ್ಮ ಕಿವಿಗೆ ಕೇಳಲ್ಲ ಬಿಡಿ.)

ಉಂಡೆ ಒತ್ತಿದ್ರೆ ನೀರು ಜಿನುಗ್ತಿದೆ, ಆದ್ರೂ ಎಲೆ ಕೆಳಕ್ಕೆ ಬಗ್ಗಿದೆ ಅಂದ್ರೆ ಕಥೆ ಉಲ್ಟಾ. ಬೇರಿಗೆ ಗಾಳಿ ಸಿಗ್ತಿಲ್ಲ. ಅಲ್ಲಿಂದ ಮೇಲಕ್ಕೆ ಹೋದ ಕೆಮಿಕಲ್ಲು ಎಲೇಲಿ ಎಥಿಲೀನ್ ಆಗುತ್ತೆ, ಅದೇ ಹಣ್ಣು ಮಾಗ್ಸೋ ಗ್ಯಾಸು, ಅದ್ರಿಂದ ತೊಟ್ಟು ಬಗ್ಗುತ್ತೆ. ಗುರುತು ಹಿಡಿಯೋದು ಸುಲಭ, ಬಾಯಾರಿದ ಎಲೆ ಒದ್ದೆ ಬಟ್ಟೆ ತರ ಮೆತ್ತಗಿರುತ್ತೆ, ಇದು ಬಗ್ಗಿದ್ರೂ ಬಿಗಿಯಾಗಿರುತ್ತೆ. ನೀರು ನಿಲ್ಸಿ, ಬದು ಒಡೆದು ಹೊರಗೆ ಬಿಡಿ.

ಹೂವು ಉದುರೋದು ಬೇರೆ ವಿಷ್ಯ, 35 ಡಿಗ್ರಿ ದಾಟಿದ್ರೆ ಪರಾಗ ಕೆಡುತ್ತೆ, ಎಷ್ಟು ನೀರು ಬಿಟ್ರೂ ಅದು ಸರಿಹೋಗಲ್ಲ.

ಇನ್ನು ಮಣ್ಣಿನ ಹದ ಸರಿಯಿದೆ, ಎಲೆ ಹಸಿರಾಗೇ ಇದೆ, ಸಾಲಲ್ಲಿ ಒಂದೋ ಎರಡೋ ಗಿಡ ಮಾತ್ರ ಇದ್ದಕ್ಕಿದ್ದಂಗೆ ಸೊರಗಿದೆ ಅಂದ್ರೆ ಬುಡದ ಹತ್ರ ಕಾಂಡ ಕುಯ್ದು ಗಾಜಿನ ಲೋಟದ ನೀರಲ್ಲಿ ತುದಿ ಅದ್ದಿ ಹಿಡಿರಿ. ಐದು ನಿಮಿಷದೊಳಗೆ ಹಾಲಿನ ದಾರದಂಗೆ ಬಿಳೀದು ಇಳಿದ್ರೆ ಅದು ಬ್ಯಾಕ್ಟೀರಿಯಾ ಸೊರಗು ರೋಗ. ಬೇರು ಮಣ್ಣು ಸಮೇತ ಕಿತ್ತು ಗೋಣಿಚೀಲದಲ್ಲಿ ಹೊರಗೆ ಸಾಗ್ಸಿ, ಕುಡುಗೋಲು ತೊಳೀರಿ, ಮುಂದಿನ ಬೆಳೆಗೆ ಆ ಜಾಗದಲ್ಲಿ ಟೊಮ್ಯಾಟೊ, ಬದನೆ, ಮೆಣಸಿನಕಾಯಿ, ಆಲೂಗಡ್ಡೆ ಯಾವ್ದೂ ಬೇಡ, ರಾಗಿನೋ ಜೋಳನೋ ಹಾಕಿ.