ಆರ್ಕ್ ವೆಲ್ಡಿಂಗ್: ಪೆಟ್ಟು ಹಗಲಲ್ಲಿ, ನೋವು ರಾತ್ರಿಯಲ್ಲಿ

ಸಂಜೆಯವರೆಗೆ ಗೇಟಿಗೆ ಬೆಸುಗೆ ಹಾಕಿ, ಉಂಡು ಮಲಗಿದವನಿಗೆ ನಡುರಾತ್ರಿ ಎಚ್ಚರವಾಗುತ್ತದೆ. ಕಣ್ಣಿಗೆ ಹಿಡಿ ಮರಳು ಎರಚಿದಂತೆ ಉರಿ, ಧಾರಾಕಾರ ನೀರು, ದೀಪ ಹಚ್ಚಿದರೆ ಸಹಿಸಲಾಗದು. ಆರ್ಕ್‌ನ, ಅಂದರೆ ರಾಡ್‌ಗೂ ಕಬ್ಬಿಣಕ್ಕೂ ನಡುವೆ ಉರಿಯುವ ವಿದ್ಯುತ್ ಜ್ವಾಲೆಯ, ಅತಿನೇರಳೆ ಕಿರಣಗಳು ಕಣ್ಣಿನ ಮುಂಭಾಗದ ಪಾರದರ್ಶಕ ಪದರವಾದ ಕಾರ್ನಿಯಾವನ್ನು ಸುಟ್ಟಿರುತ್ತವೆ. ನೋವು ಸಾಮಾನ್ಯವಾಗಿ ಕೆಲವು ಗಂಟೆಗಳ ನಂತರವೇ ಕಾಣಿಸಿಕೊಳ್ಳುವುದರಿಂದ ತಪ್ಪು ಮಾಡಿದಾಗ ಯಾರಿಗೂ ತಿಳಿಯುವುದಿಲ್ಲ.

ಹೊಸ ಮನೆಯ ಕೆಲಸವೆಂದೇ ಇಟ್ಟುಕೊಳ್ಳೋಣ. ಮೊದಲು ನೆಲ ನೋಡಿ. ಗ್ರಿಲ್ ಕೂರಿಸುವ ಹೊತ್ತಿಗೆ ಕ್ಯೂರಿಂಗ್ ನೀರು ಇನ್ನೂ ಅಲ್ಲಲ್ಲಿ ನಿಂತಿರುತ್ತದೆ. ಅದನ್ನು ಗುಡಿಸಿ, ಒಣ ಹಲಗೆ ಹಾಕಿ ನಿಲ್ಲಿ. ಕಿಡಿಗಳು ಹತ್ತು ಮೀಟರ್ ದೂರಕ್ಕೂ ಹಾರಬಲ್ಲವು. ಥಿನ್ನರ್ ಡಬ್ಬಿ, ಸಿಮೆಂಟಿನ ಖಾಲಿ ಚೀಲ, ಮರದ ಪುಡಿಯನ್ನು ಆಚೆ ಸಾಗಿಸಿ, ಒಂದು ಬಕೆಟ್ ಮರಳನ್ನು ಕೈಗೆಟುಕುವಲ್ಲಿಡಿ.

ನಂತರ ಸಂಪರ್ಕ. ಪ್ಲಗ್ ಇಲ್ಲದೆ ವೈರಿನ ತುದಿಯನ್ನು ಸಾಕೆಟ್‌ಗೆ ತುರುಕಿ ಬೆಂಕಿಕಡ್ಡಿ ಸಿಕ್ಕಿಸುವ ಚಾಳಿಯನ್ನು ಬಿಡಲೇಬೇಕು. ನಾವು 'ಅರ್ಥ್' ಎನ್ನುವ ಕ್ಲಾಂಪ್ ವೆಲ್ಡಿಂಗ್ ಕರೆಂಟು ಮರಳುವ ದಾರಿ ಮಾತ್ರ. ಯಂತ್ರದ ಮೈಗೆ ಪ್ರತ್ಯೇಕ ಅರ್ಥಿಂಗ್ ಬೇಕು. ಕ್ಲಾಂಪನ್ನು ಬೆಸುಗೆ ಬೀಳುವ ಜಾಗದ ಹತ್ತಿರವೇ, ಬಣ್ಣ ಕೆರೆದ ಕಬ್ಬಿಣಕ್ಕೆ ಕಚ್ಚಿಸಿ. ಆರ್ಕ್ ಆರಿದಾಗಲೂ ರಾಡ್ ಹಿಡಿಯುವ ಹೋಲ್ಡರ್‌ನಲ್ಲಿ ಸಾಮಾನ್ಯವಾಗಿ 60-80 ವೋಲ್ಟ್ ಇರುತ್ತದೆ. ಬೆವರಿದ ಬರಿಗೈಯಲ್ಲಿ ರಾಡ್ ಬದಲಿಸುವಾಗ ಶಾಕ್ ಹೊಡೆಯುವುದು ಇದರಿಂದಲೇ. ಒಣ ಚರ್ಮದ ಗ್ಲೌಸ್ ತೆಗೆಯಬೇಡಿ.

ಮುಖಕ್ಕೆ ಪೂರ್ಣ ಶೀಲ್ಡ್ ಇರಲಿ. ನೂರು ಆಂಪಿಯರ್ ಆಸುಪಾಸಿನ ಕೆಲಸಕ್ಕೆ 10ನೇ ಶೇಡ್ (ಕಪ್ಪಿನ ಮಟ್ಟ) ಗಾಜು ಹೊಂದುತ್ತದೆ; ತಂಪು ಕನ್ನಡಕ ಇಲ್ಲಿ ಏನೇನೂ ಅಲ್ಲ. ಪೈಪು ಹಿಡಿದುಕೊಳ್ಳುವ ಹುಡುಗನಿಗೆ ಯಾರೂ ಶೀಲ್ಡ್ ಕೊಡುವುದಿಲ್ಲ, ಮುಖ ತಿರುಗಿಸಿಕೋ ಎನ್ನುತ್ತಾರೆ. ಬೆಳಕು ಬಿಳಿ ಗೋಡೆಗೆ ಬಡಿದು ಅವನ ಕಣ್ಣಿಗೂ ಬರುತ್ತದೆ. ಅವನಿಗೂ ಒಂದು ಶೀಲ್ಡ್ ಕೊಡಿ. ಬೆಸುಗೆಯ ಮೇಲೆ ಗಟ್ಟಿಯಾಗುವ ಸ್ಲ್ಯಾಗ್ ಎಂಬ ಹೊಟ್ಟನ್ನು ಕುಟ್ಟುವಾಗ ಶೀಲ್ಡ್ ಎತ್ತಬೇಕಾಗುತ್ತದಲ್ಲ, ಆಗ ಬಿಳಿ ಗಾಜಿನ ಕನ್ನಡಕ ಬೇಕು. ಇಷ್ಟಾಗಿಯೂ ಕಣ್ಣು ಉರಿದರೆ ಎಣ್ಣೆ, ಎದೆಹಾಲು ಬಿಡುವುದು ಬೇಡ, ಕಣ್ಣಿನ ವೈದ್ಯರ ಬಳಿ ಹೋಗಿ.

ಬಟ್ಟೆ ದಪ್ಪ ಹತ್ತಿಯದಾಗಿರಲಿ. ಪಾಲಿಯೆಸ್ಟರ್ ಕರಗಿ ಚರ್ಮಕ್ಕೆ ಅಂಟುತ್ತದೆ. ಹವಾಯಿ ಚಪ್ಪಲಿಯ ಬಗ್ಗೆ ಹೇಳುವುದೇ ಬೇಡ.

ಜಿಐ ಪೈಪಿನ ಹೊಗೆಯೂ ತಡವಾಗಿ ಕಾಡುತ್ತದೆ. ಅದರ ಸತುವಿನ ಲೇಪ ಆವಿಯಾಗಿ ಒಳಹೋದರೆ ಅದೇ ಸಂಜೆ ನಡುಕ, ಜ್ವರ. ಹಾಲು ಕುಡಿದರೆ, ಬೆಲ್ಲ ತಿಂದರೆ ಸರಿಹೋಗುತ್ತದೆ ಎಂಬ ನಂಬಿಕೆ ಶಾಪುಗಳಲ್ಲಿದೆ. ಶ್ವಾಸಕೋಶಕ್ಕೆ ಹೋದದ್ದನ್ನು ಹೊಟ್ಟೆಯ ಹಾಲು ತೊಳೆಯುವುದು ಹೇಗೆ? ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2017ರಲ್ಲಿ ವೆಲ್ಡಿಂಗ್ ಹೊಗೆಯನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ, ಅಂದರೆ ಮನುಷ್ಯರಿಗೆ ಕ್ಯಾನ್ಸರ್ ತರುವುದು ಖಚಿತವಾದವುಗಳ ಸಾಲಿಗೆ, ಸೇರಿಸಿತು. ಬೆಸುಗೆಯ ಜಾಗದ ಲೇಪವನ್ನು, ಮಾಸ್ಕ್ ಧರಿಸಿ, ಮೊದಲೇ ಉಜ್ಜಿ ತೆಗೆಯಿರಿ. ಗಾಳಿ ಪಕ್ಕದಿಂದ ಬರುವಂತೆ ಕುಳಿತು, ತಲೆಯನ್ನು ಹೊಗೆಯ ಕಂಬದಿಂದ ಹೊರಗಿಡಿ. ಡೀಸೆಲ್, ಪೆಟ್ರೋಲ್ ತುಂಬಿದ್ದ ಡ್ರಮ್ ಎಷ್ಟೇ ಖಾಲಿ ಕಂಡರೂ ರಾಡ್ ತಾಗಿಸಬೇಡಿ. ಒಳಗೆ ಉಳಿದ ಆವಿಯೇ ಸಿಡಿಯುತ್ತದೆ.

ಕೆಲಸ ಮುಗಿದ ಮೇಲೆ ಬಿಸಿ ರಾಡ್ ತುಂಡುಗಳನ್ನು ಡಬ್ಬಿಗೆ ಹಾಕಿ, ಯಂತ್ರ ಆರಿಸಿ. ಆದರೆ ಬೀಗ ಹಾಕಲು ಅವಸರ ಬೇಡ. ಕಾಂಕ್ರೀಟಿಗೆ ಅಚ್ಚಾಗಿ ಕಟ್ಟಿದ ಸೆಂಟ್ರಿಂಗ್ ಹಲಗೆಯ ಸಂದಿಗೆ ಬಿದ್ದ ಕಿಡಿ ಹೊಗೆಯೂ ಕಾಣದಂತೆ ಕನಲುತ್ತಿದ್ದು ಆಮೇಲೆ ಹೊತ್ತಿಕೊಳ್ಳಬಹುದು. ಒಂದು ಗಂಟೆ ಅಲ್ಲೇ ಇದ್ದು, ನಡುನಡುವೆ ಸುತ್ತು ಹಾಕಿ ನೋಡಿ. ಚಹಾ ಕುಡಿಯುವುದಿದ್ದರೆ ಅಲ್ಲಿಗೇ ತರಿಸಿಕೊಳ್ಳಿ.