ಹೊಗೆ ಕಾಣಬಾರದೆಂದು ಕಟ್ಟಿದ ಎಂಜಿನ್

ಗಾಳಿ ಮುಗಿದರೆ ಇದು ನಲವತ್ತು ಟನ್ ಕಬ್ಬಿಣದ ಗುಡ್ಡೆ, ಅಷ್ಟೇ. ಈ ಪಾಠ ನಾನು ಕಲಿತದ್ದು ಮಾರ್ಚ್ ತಿಂಗಳ ಒಂದು ಶನಿವಾರ. ಸ್ಪ್ಯಾನರ್ ಹಿಡಿದರೆ ಅಂಗೈ ಮರಗಟ್ಟುವಂಥ ಬೆಳಿಗ್ಗೆ. ನಮ್ಮ ವಿ 36 ಎಂಬ ಹಳೆಯ ಜರ್ಮನ್ ಡೀಸೆಲ್ ರೈಲು ಎಂಜಿನ್ನಿಗೆ ಕಾರಿನಂತೆ ಬ್ಯಾಟರಿಯಿಂದ ತಿರುಗುವ ಸ್ಟಾರ್ಟರ್ ಇಲ್ಲ. ಉಕ್ಕಿನ ಬಾಟಲಿಗಳಲ್ಲಿ ಅದುಮಿಟ್ಟ ಗಾಳಿ ನೇರವಾಗಿ ಸಿಲಿಂಡರಿಗೆ ನುಗ್ಗಿ ಪಿಸ್ಟನ್ ತಳ್ಳಬೇಕು, ಆ ಓಟದಲ್ಲೇ ಡೀಸೆಲ್ ಹತ್ತಿಕೊಳ್ಳಬೇಕು. ಮೂರು ಸಲ ಗಾಳಿ ಬಿಟ್ಟೆವು. ಮೂರೂ ಸಲ ಕೆಮ್ಮಿ ಸುಮ್ಮನಾಯಿತು. ನಾಲ್ಕನೆಯ ಸಲಕ್ಕೆ ಬಾಟಲಿಯಲ್ಲಿ ಉಸಿರೇ ಉಳಿದಿರಲಿಲ್ಲ.

ಮಧ್ಯಾಹ್ನ ಅಪ್ಪನಿಗೆ ಫೋನ್ ಮಾಡಿದೆ. ಅವರು ಹುಬ್ಬಳ್ಳಿ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿ ನಿವೃತ್ತರಾದವರು. ಬೋಗಿಗಳ ಕೆಲಸ ಅವರದ್ದು, ಡೀಸೆಲ್ ಎಂಜಿನ್ ಅವರ ವಿಭಾಗವೇ ಅಲ್ಲ. ಆದರೂ ಪೂರ್ತಿ ಕೇಳುವ ಮೊದಲೇ ಹೇಳಿದರು: “ಡೀಸೆಲ್ ಲೈನಿನ್ಯಾಗ ಗಾಳಿ ಹೊಕ್ಕೈತಿ ತಮ್ಮಾ. ಬಾಟ್ಲ್ಯಾಗಿನ ಗಾಳಿ ಖರ್ಚು ಮಾಡೂಕಿಂತ ಮದ್ಲ ಲೈನಿನ್ಯಾಗಿಂದ ತಗೀಬೇಕಿತ್ತಿಲ್ಲೋ.” ಅದೇ ಆಗಿತ್ತು. ಹಿಂದಿನ ವಾರ ಫಿಲ್ಟರ್ ಬದಲಿಸಿದವನು ನಾನೇ, ಗಾಳಿ ತೆಗೆಯದೆ ಮುಚ್ಚಿದವನೂ ನಾನೇ.

ಬಾಟಲಿ ಮತ್ತೆ ತುಂಬಲು ಹೆಚ್ಚು ಒತ್ತಡದ ಕಂಪ್ರೆಸರ್ ಬಾಡಿಗೆಗೆ ತರಬೇಕಾಯಿತು. ವೆಲ್ಡಿಂಗಿನ ಆಕ್ಸಿಜನ್ ಸಿಲಿಂಡರ್ ಪಕ್ಕದಲ್ಲೇ ನಿಂತಿತ್ತು. ಅದರ ಕಡೆ ನಾನು ಒಮ್ಮೆ ನೋಡಿದ್ದೇ ತಡ, ನಮ್ಮ ಗುಂಪಿನ ಹಿರಿಯರೊಬ್ಬರು ಎದ್ದು ಬಂದು ನಡುವೆ ನಿಂತರು. ಎಣ್ಣೆ ಅಂಟಿದ ಸಿಲಿಂಡರಿಗೆ ಆಕ್ಸಿಜನ್ ಬಿಟ್ಟರೆ ಎಂಜಿನ್ ಸ್ಟಾರ್ಟ್ ಆಗುವುದಿಲ್ಲ, ಸಿಡಿಯುತ್ತದೆ. ಅವರು ಏನೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ನಾನು ಉತ್ತರ ಜರ್ಮನಿಗೆ ಬಂದು ಹನ್ನೊಂದು ವರ್ಷ. ಊರ ಹೊರಗಿನ ಒಂದು ಹಳೆಯ ಶಾಖಾ ಮಾರ್ಗವನ್ನು ಹವ್ಯಾಸಿಗಳು ಸೇರಿ ನಡೆಸುತ್ತಾರೆ. ಆರು ವರ್ಷಗಳಿಂದ ನನ್ನ ಶನಿವಾರಗಳು ಅಲ್ಲಿ, ಈ ಎಂಜಿನ್ನಿನ ಕೆಳಗೆ. ಇಲ್ಲಿಯವರು ‘ವಿ’ ಅಕ್ಷರವನ್ನು ಜರ್ಮನ್ ಉಚ್ಚಾರದಲ್ಲಿ ಓದಿ ಇದನ್ನು ‘ಫಾವ್ 36’ ಅನ್ನುತ್ತಾರೆ. ‘ವಿ’ ಎಂದರೆ ಅವರಿಗೆ ಇವತ್ತಿಗೂ ನಗು.

ಎರಡನೇ ಮಹಾಯುದ್ಧದ ಕಾಲದಲ್ಲಿ ಇದಕ್ಕಿದ್ದ ಹೆಸರು ಬೇರೆ: ಡಬ್ಲ್ಯುಆರ್ 360 ಸಿ 14. ಒಡೆದು ಓದಿದರೆ ಇಡೀ ಎಂಜಿನ್ ಅದರಲ್ಲೇ ಇದೆ. ವೆಹರ್‌ಮಾಖ್ಟ್, ಅಂದರೆ ಜರ್ಮನ್ ಸೇನೆಗೆ ಕಟ್ಟಿದ ಸಾಮಾನ್ಯ ಅಗಲದ ಹಳಿಯ ಎಂಜಿನ್, 360 ಅಶ್ವಶಕ್ತಿ, ‘ಸಿ’ ಎಂದರೆ ಒಂದಕ್ಕೊಂದು ಜೋಡಿಸಿದ ಮೂರು ಗಾಲಿಯಚ್ಚು, ಪ್ರತಿ ಅಚ್ಚಿನ ಮೇಲೆ 14 ಟನ್ ಭಾರ. ಇದಕ್ಕೊಬ್ಬ ತಮ್ಮನೂ ಇದ್ದ, ಎರಡು ಅಚ್ಚಿನ ಡಬ್ಲ್ಯುಆರ್ 200 ಬಿ 14.

ಆಗ ಜರ್ಮನಿಯ ರೈಲ್ವೆ ಓಡುತ್ತಿದ್ದುದು ಕಲ್ಲಿದ್ದಲಿನ ಮೇಲೆ. ಡೀಸೆಲ್ ತುಟ್ಟಿ, ಸಾಲದ್ದಕ್ಕೆ ಕೊರತೆ. ಹಾಗಿದ್ದೂ 1930ರ ದಶಕದಲ್ಲಿ ಸೇನೆ ಡೀಸೆಲ್ ಶಂಟರನ್ನೇ, ಅಂದರೆ ಯಾರ್ಡಿನಲ್ಲಿ ಬೋಗಿಗಳನ್ನು ಎಳೆದು ತಳ್ಳಿ ಜೋಡಿಸುವ ಎಂಜಿನ್ನನ್ನೇ ಕೇಳಿತು. ಮದ್ದುಗುಂಡಿನ ಗೋದಾಮಿನಲ್ಲಿ, ಪೆಟ್ರೋಲ್ ಸಂಗ್ರಹದ ಪಕ್ಕದಲ್ಲಿ ಉಗಿ ಎಂಜಿನ್ನಿನ ಚಿಮಣಿಯಿಂದ ಒಂದು ಕಿಡಿ ಹಾರಿದರೆ ಮುಗಿಯಿತು. ವಿಮಾನ ನಿಲ್ದಾಣದಲ್ಲಿ ಹೊಗೆಯ ಕಂಬ ಎದ್ದರೆ ಆಕಾಶದಲ್ಲಿರುವವನಿಗೆ ವಿಳಾಸ ಬರೆದು ಕೊಟ್ಟಂತೆ. ಉಗಿ ಎಂಜಿನ್ನಿಗೆ ಬೆಂಕಿ ಹಾಕಿ ಒತ್ತಡ ಏರಲು ಗಂಟೆಗಟ್ಟಲೆ ಕಾಯಬೇಕು, ಕೆಲಸವಿಲ್ಲದಾಗಲೂ ಇದ್ದಲು ಉಣಿಸಬೇಕು. ಇದು ವಾರಗಟ್ಟಲೆ ತಣ್ಣಗೆ ನಿಂತು, ಕರೆದಾಗ ಎದ್ದು ಬರಬೇಕು. ಫಿಲ್ಟರ್ ಬದಲಿಸಿದವನು ಗಾಳಿ ತೆಗೆದಿದ್ದರೆ.

ನಮ್ಮದರ ಹೃದಯ ಡಾಯ್ಟ್ಸ್ ಕಂಪನಿಯ ಆರು ಸಿಲಿಂಡರಿನ ಡೀಸೆಲ್ ಎಂಜಿನ್. ಈ ಮಾದರಿಯ ಕೆಲವು ರೈಲು ಎಂಜಿನ್ನುಗಳಿಗೆ ಎಂಡಬ್ಲ್ಯುಎಂ ಕಂಪನಿಯದ್ದು ಹಾಕಿದ್ದರು. ಪೂರ್ತಿ 360 ಅಶ್ವಶಕ್ತಿ ಕೊಡುವಾಗಲೂ ತಿರುಗುವುದು ನಿಮಿಷಕ್ಕೆ 600 ಸುತ್ತು ಮಾತ್ರ. ಲಾರಿಯಂತೆ ಕಿರುಚುವುದಿಲ್ಲ, ಪ್ರತಿ ಹೊಡೆತವನ್ನೂ ಎಣಿಸಬಹುದೇನೋ ಅನ್ನಿಸುತ್ತದೆ.

ತಯಾರಕರ ಫಲಕದ ವಿಷಯ ಹೇಳದೆ ಮುಂದೆ ಹೋಗಲಾರೆ. ಈ ಮಾದರಿಯನ್ನು ಮುಖ್ಯವಾಗಿ ಕಟ್ಟಿದವರಲ್ಲಿ ಬರ್ಲಿನ್ನಿನ ಬಿಎಂಎಜಿ ಮತ್ತು ಓರೆನ್‌ಸ್ಟೈನ್-ಕೊಪ್ಪೆಲ್ ಇದ್ದವು. ಎರಡನೆಯದನ್ನು ಸ್ಥಾಪಿಸಿದವರು ಬೆನ್ನೊ ಓರೆನ್‌ಸ್ಟೈನ್ ಮತ್ತು ಆರ್ಥರ್ ಕೊಪ್ಪೆಲ್, ಇಬ್ಬರೂ ಯಹೂದಿಗಳು. ಮಾಥೆರಾನ್ ಬೆಟ್ಟ ಹತ್ತಿದ ಮೊದಲ ಎಂಜಿನ್ನುಗಳು, ಪಟಿಯಾಲಾ ಸಂಸ್ಥಾನದ ಮಾನೋರೈಲಿನ ಎಂಜಿನ್ನುಗಳು ಇವರ ಕಂಪನಿಯಲ್ಲೇ ತಯಾರಾದವು. ದೆಹಲಿಯ ರೈಲು ಸಂಗ್ರಹಾಲಯದಲ್ಲಿ ಆ ಮಾನೋರೈಲು ನೋಡಿದವರಿಗೆ ಹೆಸರು ನೆನಪಿರಬಹುದು. ನಾಜಿಗಳು ಕಂಪನಿಯನ್ನು ಯಹೂದಿಗಳ ಕೈಯಿಂದ ಕಿತ್ತುಕೊಂಡರು, ಯುದ್ಧದ ನಡುವೆ ಹೆಸರನ್ನೂ ಅಳಿಸಿ ‘ಎಂಬಿಎ’ ಮಾಡಿದರು. ಹಾಗಾಗಿ ಅದೇ ಕಾರ್ಖಾನೆ, ಅದೇ ಮಾದರಿ, ಕೆಲವು ಎಂಜಿನ್ನುಗಳ ಫಲಕದಲ್ಲಿ ಮಾತ್ರ ಬೇರೆ ಹೆಸರು. ನೋಡಲು ಬರುವ ಮಕ್ಕಳಿಗೆ ನಾನು ಗೇರಿನ ಕಥೆಗಿಂತ ಮೊದಲು ಇದನ್ನು ಹೇಳುತ್ತೇನೆ. ‘ಯಂತ್ರದ ಬಗ್ಗೆ ಮಾತ್ರ ಹೇಳಿ’ ಅನ್ನುವವರು ನಮ್ಮ ಗುಂಪಿನಲ್ಲೂ ಇದ್ದಾರೆ. ಅವರೊಂದಿಗೆ ನನ್ನದು ಮುಗಿಯದ ಜಗಳ.

ಇನ್ನು ಗೇರು. ಡೀಸೆಲ್ ಎಂಜಿನ್ನಿಗೆ ನಿಂತಲ್ಲಿಂದ ಭಾರ ಎಳೆಯಲು ಬರುವುದಿಲ್ಲ. ಅದು ಮೊದಲು ತಿರುಗುತ್ತಿರಬೇಕು, ಆಮೇಲೆ ಹೊರೆ. ನಡುವೆ ಏನಾದರೂ ಜಾರುವಂಥದ್ದು ಬೇಕು. ಇಲ್ಲಿ ಜಾರುವುದು ಎಣ್ಣೆ. ಒಂದು ಗಡಿಗೆಯಲ್ಲಿ ಮಜ್ಜಿಗೆ ಕಡೆಯಿರಿ, ಮಜ್ಜಿಗೆ ಸುಳಿ ಸುತ್ತುತ್ತದೆ. ಅದೇ ಸುಳಿಗೆ ಇನ್ನೊಂದು ಕಡಗೋಲನ್ನು ಸುಮ್ಮನೆ ಇಳಿಬಿಟ್ಟರೆ ಅದೂ ತಿರುಗತೊಡಗುತ್ತದೆ. ಒಂದಕ್ಕೊಂದು ತಾಗಿಲ್ಲ, ಸವೆಯಲು ಏನೂ ಇಲ್ಲ. ಕಡಗೋಲುಗಳ ಜಾಗದಲ್ಲಿ ರೆಕ್ಕೆಗಳ ಎರಡು ಚಕ್ರ, ಮಜ್ಜಿಗೆಯ ಜಾಗದಲ್ಲಿ ಎಣ್ಣೆ, ಇಷ್ಟೇ ಇದ್ದರೆ ಅದು ಫ್ಲೂಯಿಡ್ ಕಪ್ಲಿಂಗ್. ನಡುವೆ ಅಲುಗಾಡದ ರೆಕ್ಕೆಗಳ ಮೂರನೆಯ ಸಾಲು ನಿಲ್ಲಿಸಿ, ಗದ್ದೆಯ ಕಾಲುವೆಗೆ ಒಡ್ಡು ಕಟ್ಟಿ ನೀರು ತಿರುಗಿಸಿದ ಹಾಗೆ ಎಣ್ಣೆಯ ಹರಿವನ್ನು ತಿರುಗಿಸಿದರೆ, ಒಳಬಂದದ್ದಕ್ಕಿಂತ ಹೆಚ್ಚಿನ ತಿರುಚುಬಲ ಹೊರಬರುತ್ತದೆ. ಅದು ಟಾರ್ಕ್ ಕನ್ವರ್ಟರ್. ಹರ್ಮನ್ ಫ್ಯೋಟಿಂಗರ್ ಎಂಬ ಎಂಜಿನಿಯರ್ ಇದಕ್ಕೆ ಪೇಟೆಂಟ್ ಪಡೆದದ್ದು 1905ರಲ್ಲಿ, ಹಡಗುಗಳಿಗಾಗಿ. ಹೈಡೆನ್‌ಹೈಮ್ ಊರಿನ ಫೊಯ್ಟ್ ಕಂಪನಿ ಮುಂದೆ ಅದನ್ನು ರೈಲಿಗೆ ತಂದಿತು.

ವಿ 36 ಹೊರಡುವಾಗ ಕನ್ವರ್ಟರಿಗೆ ಎಣ್ಣೆ ತುಂಬುತ್ತದೆ. ವೇಗ ಏರಿದಾಗ ಅದು ಬರಿದಾಗಿ ಕಪ್ಲಿಂಗ್ ತುಂಬುತ್ತದೆ. ಗೇರಿನ ಹಲ್ಲು ಬದಲಾಗುವುದಿಲ್ಲ, ಎಣ್ಣೆ ಮನೆ ಬದಲಿಸುತ್ತದೆ. ಆ ಗಳಿಗೆಯಲ್ಲಿ ಎಂಜಿನ್ನಿನ ದನಿ ತುಸು ತಗ್ಗುತ್ತದೆ. ನಾನು ಅದನ್ನು ಕಿವಿಯಿಂದ ಗುರುತಿಸಲು ಒಂದು ಇಡೀ ಬೇಸಿಗೆ ಹಿಡಿಯಿತು.

ಹಲ್ಲಿನ ಕೆಲಸ ಇರುವುದು ಹಿಂದೆ-ಮುಂದೆ ಮಾಡಲು ಮತ್ತು ಶಂಟಿಂಗಿಗೆ ಗಂಟೆಗೆ ಸುಮಾರು 30 ಕಿಲೋಮೀಟರಿನ ನಿಧಾನ ಗತಿ, ದಾರಿಗೆ 60ರ ಆಸುಪಾಸಿನ ಗತಿ ಆರಿಸಲು. ಎರಡನ್ನೂ ಪೂರ್ತಿ ನಿಂತ ಮೇಲೆಯೇ ಬದಲಿಸಬೇಕು. ಕೆಲವೊಮ್ಮೆ ಹಲ್ಲಿಗೆ ಹಲ್ಲು ಎದುರಾಗಿ ನಿಲ್ಲುತ್ತದೆ, ಒಳಗೆ ಹೋಗುವುದಿಲ್ಲ. ಹೊಸಬ ಲಿವರ್ ಜಗ್ಗಾಡುತ್ತಾನೆ. ಹಳಬ ಬ್ರೇಕ್ ಸಡಿಲಿಸಿ ಎಂಜಿನ್ ಒಂದು ಅಂಗುಲ ಉರುಳಲು ಬಿಡುತ್ತಾನೆ.

ಇಷ್ಟು ನಯವಾದ ಗೇರಿನ ಹೊರಗೆ ಏನಿದೆ ನೋಡಿ: ಉಗಿ ಎಂಜಿನ್ನಿನ ಕಾಲದ ರಾಡುಗಳು! ಡ್ರೈವರ್ ಕೋಣೆಯ ಕೆಳಗೆ, ಕೊನೆಯ ಗಾಲಿಯ ಹಿಂದೆ, ಹಳಿ ಮುಟ್ಟದ ಒಂದು ಅಚ್ಚು ಇದೆ. ಜಾಕ್‌ಶಾಫ್ಟ್. ಜರ್ಮನ್ನರು ಇದನ್ನು ‘ಕುರುಡು ಅಚ್ಚು’ ಅನ್ನುತ್ತಾರೆ. ಗೇರ್‌ಬಾಕ್ಸ್ ಅದನ್ನು ತಿರುಗಿಸುತ್ತದೆ, ಅದರ ತುದಿಯಲ್ಲಿ ತಿರುಗುವ ಕ್ರ್ಯಾಂಕ್ ಎಂಬ ತೋಳಿನಿಂದ ಹೊರಟ ರಾಡು ಮೂರೂ ಗಾಲಿಗಳನ್ನು ಎಳೆಯುತ್ತದೆ. ಎಡಬಲದ ಕ್ರ್ಯಾಂಕುಗಳ ನಡುವೆ ಕಾಲು ಸುತ್ತಿನ ಅಂತರ. ಒಂದು ಬದಿ ಬಲವಿಲ್ಲದ ಬಿಂದುವಿಗೆ ಬಂದಾಗ ಇನ್ನೊಂದು ಬದಿ ಪೂರ್ತಿ ಬಲದಲ್ಲಿರುತ್ತದೆ. ಹಿನ್ನಡೆ ಎಂದು ಕೆಲವರು ಮೂಗು ಮುರಿಯುತ್ತಾರೆ. ನನಗೆ ಇದು ಜಾಣತನವಾಗಿಯೇ ಕಾಣುತ್ತದೆ. ಆಗಿನ ಯಾವುದೇ ರೈಲ್ವೆ ಶೆಡ್ಡಿನ ಫಿಟ್ಟರಿಗೆ ರಾಡು ಬಿಚ್ಚಿ ಬುಷ್, ಅಂದರೆ ರಾಡಿನ ತೂತಿನೊಳಗೆ ಕೂರುವ ಲೋಹದ ಬಳೆ, ಹಾಕಲು ಬರುತ್ತಿತ್ತು.

ನನಗೆ ಬರುತ್ತಿರಲಿಲ್ಲ. ಮೂರನೆಯ ವರ್ಷ ಬಲಬದಿಯ ರಾಡಿಗೆ ಹೊಸ ಕಂಚಿನ ಬುಷ್ ಕೂರಿಸುವ ಕೆಲಸ ನನ್ನ ಪಾಲಿಗೆ ಬಂತು. ಹಳೆಯದು ಸವೆದು ನಡೆಯುವಾಗ ಟಣ್ ಟಣ್ ಅನ್ನುತ್ತಿತ್ತು. ನಾನು ಹಟ ಹಿಡಿದು, ಕೂದಲೆಳೆಯಷ್ಟೂ ಸಂದು ಇಲ್ಲದಂತೆ ಕೂರಿಸಿದೆ. ಎಷ್ಟು ಚೆಂದ ಕೂತಿತೆಂದರೆ ಫೋಟೊ ತೆಗೆದು ಅಪ್ಪನಿಗೆ ಕಳಿಸಿದೆ. ಭಾನುವಾರ ಎರಡು ಬೋಗಿ ಕಟ್ಟಿಕೊಂಡು ಹೊರಟೆವು. ಆರನೆಯ ಕಿಲೋಮೀಟರಿನ ಹೊತ್ತಿಗೆ ಸುಟ್ಟ ಗ್ರೀಸಿನ ವಾಸನೆ. ಇಳಿದು ನೋಡಿದರೆ ಬುಷ್ ಹತ್ತಿರ ಕೈ ತರಲಾಗದಷ್ಟು ಕಾವು.

ತಪ್ಪು ಏನೆಂದರೆ, ಜಾಕ್‌ಶಾಫ್ಟ್ ಚೌಕಟ್ಟಿಗೆ ಬಿಗಿಯಾಗಿ ಕೂತಿದೆ, ಗಾಲಿಗಳು ಮಾತ್ರ ಸ್ಪ್ರಿಂಗಿನ ಮೇಲೆ ಏರಿಳಿಯುತ್ತವೆ. ಹಳಿಯ ಪ್ರತಿ ಕೀಲಿನಲ್ಲೂ ಅವುಗಳ ನಡುವಿನ ದೂರ ಕೂದಲೆಳೆಯಷ್ಟು ಬದಲಾಗುತ್ತದೆ. ಆ ಬದಲಾವಣೆಗೆ ಜಾಗ ಕೊಡುವುದು ಬುಷ್ಷಿನ ಸಂದು. ನಾನು ಅದನ್ನೇ ಮುಚ್ಚಿಬಿಟ್ಟಿದ್ದೆ. ಸಂಜೆ ಅಪ್ಪನ ಉತ್ತರ ಬಂದಿತ್ತು: “ಭಾಳ ಟೈಟ್ ಆತು ಅನಸ್ತೈತಿ.” ಫೋಟೊ ನೋಡಿ ಅವರಿಗೆ ಹೇಗೆ ತಿಳಿಯಿತೋ.

ಯುದ್ಧ ಮುಗಿದಾಗ ಈ ಎಂಜಿನ್ನುಗಳು ಯೂರೋಪಿನ ತುಂಬ ಚೆಲ್ಲಿಹೋಗಿದ್ದವು. ಆಸ್ಟ್ರಿಯಾದಲ್ಲಿ 2065 ಎಂಬ ಸಂಖ್ಯೆ ಸಿಕ್ಕಿತು. ಪಶ್ಚಿಮ ಜರ್ಮನಿಯಲ್ಲಿ ವಿ 36 ಆಗಿ, 1968ರಿಂದ 236 ಆಗಿ ದುಡಿದವು, ಶಾಖಾ ಮಾರ್ಗಗಳಲ್ಲಿ ಪ್ರಯಾಣಿಕರನ್ನೂ ಒಯ್ದವು. ಹಿಂದಿನಿಂದ ಬೋಗಿ ತಳ್ಳುವಾಗ ಮುಂದಿನ ದಾರಿ ಕಾಣಲೆಂದು ಕೆಲವಕ್ಕೆ ಚಾವಣಿಯ ಮೇಲೊಂದು ಗಾಜಿನ ಗೂಡು ಕಟ್ಟಿದರು. ನೋಡಲು ವಿಚಿತ್ರ, ತಲೆಯ ಮೇಲೆ ಬುತ್ತಿ ಇಟ್ಟುಕೊಂಡಂತೆ.

ಯುದ್ಧಕಾಲದಲ್ಲಿ ಈ ಮಾದರಿ ಕಟ್ಟಿದ ಕೀಲ್ ನಗರದ ಕಾರ್ಖಾನೆ ಮುಂದೆ ಮಾಕ್ ಎಂಬ ಹೆಸರು ಪಡೆದು, 1950ರಲ್ಲಿ ಇನ್ನೂ 18 ವಿ 36ಗಳನ್ನು ಕಟ್ಟಿತು. ಈ ಹೆಸರು ಓದಿದ ದಿನ ನಾನು ಚಹಾ ಕೆಳಗಿಟ್ಟೆ. ಕಾಲೇಜಿನ ದಿನಗಳಲ್ಲಿ ಚೆನ್ನೈ ಯಾರ್ಡಿನಲ್ಲಿ ಗಂಟೆಗಟ್ಟಲೆ ನಿಂತು ನೋಡುತ್ತಿದ್ದ ಡಬ್ಲ್ಯುಡಿಎಸ್ 4 ಶಂಟರ್ ನೆನಪಾಯಿತು. ಚಿತ್ತರಂಜನ್ ಕಾರ್ಖಾನೆ 1960ರ ದಶಕದ ಕೊನೆಯಿಂದ ಕಟ್ಟಿದ ಎಂಜಿನ್ ಅದು. ಅದರಲ್ಲೂ ಎಣ್ಣೆಯ ಗೇರು, ಮೂರು ಅಚ್ಚು, ಹೊರಗೆ ಆಡುವ ರಾಡು. ಒಳಗಿನ ಡೀಸೆಲ್ ಎಂಜಿನ್ ಮಾಕ್ ವಿನ್ಯಾಸದ್ದು.

ಈ ಚಳಿಗಾಲಕ್ಕೆ ಎಡಬದಿಯ ಬುಷ್ ಬಾಕಿ ಇದೆ. ಕಂಚಿನ ತುಂಡು ಬಂದಿದೆ, ಲೇತ್ ಖಾಲಿಯಾಗುವುದು ಡಿಸೆಂಬರಿನಲ್ಲಿ. ಈ ಸಲ ಫೋಟೊ ಕಳಿಸುವುದು ಕೂರಿಸುವ ಮೊದಲು.